ಗಂಜಿ ಬೇಯ್ಸಿದ ಮಡಿಕೆನ ಟೋಕಿಯೋದಲ್ಲಿ ಮಾರಿದ್ದು: ನನ್ನ ಅನುಭವ

ಡೊನಾಬೆನ, ಅಂದ್ರೆ ಜಪಾನಿನ ಮಣ್ಣಿನ ಅಡುಗೆ ಮಡಿಕೆನ, ನನ್ನ ಪಾತ್ರೆ ಅಂಗಡೀಲೇ ಗಂಜಿ ಬೇಯ್ಸಿ ಪಳಗಿಸಿ ಮಾರ್ತೀನಿ ಅಂದಾಗ ಮೂರು ಜನ ಬೇಡ ಅಂದಿದ್ರು. ಮಾಲು ಹಾಕೋ ಹೋಲ್‌ಸೇಲ್‌ನವ, ಪಕ್ಕದ ತೋಫು ಅಂಗಡಿ ಅಜ್ಜ, ಆಮೇಲೆ ನಮ್ಮನೆಯವ್ರು. "ಹೊಸದು ಅಂತ ದುಡ್ಡು ಕೊಡೋರಿಗೆ ಗಂಜಿ ಬೇಯ್ಸಿದ ಮಡಿಕೆ ಕೊಡ್ತೀಯಾ ಮಾರಾಯ್ತಿ, ಇಲ್ಲಿಯವ್ರು ಬಾಕ್ಸಿನ ಮೂಲೆ ಜಜ್ಜಿದ್ರೇ ಬೇರೆ ಕೊಡಿ ಅಂತಾರೆ" ಅಂತ ನಮ್ಮನೆಯವ್ರ ವಾದ. ಈಗ ಅಕ್ಟೋಬರಿಂದ ಫೆಬ್ರವರಿ ತನಕ ಅಂಗಡಿ ಬಾಡಿಗೆ ಹುಟ್ತಿರೋದೇ ಆ ಗಂಜಿ ಮಡಿಕೆಯಿಂದ, ಅದಕ್ಕೇ ಸ್ವಲ್ಪ ಜಂಬದಿಂದಾನೇ ಬರೀತಿದೀನಿ.

ಅಂಗಡಿ ಎದೊಗಾವಾ ವಾರ್ಡಲ್ಲಿ, ಇಂಡಿಯನ್ನರು ಜಾಸ್ತಿ ಇರೋ ನಿಶಿಕಸಾಯಿಗೆ ಸೈಕಲ್ ದೂರ. ಎಂಟು ತ್ಸುಬೊ, ಅಂದ್ರೆ ನಮ್ಮ ಲೆಕ್ಕದಲ್ಲಿ 280 ಚದರಡಿ ಆಗ್ಬಹುದು, ಬಾಡಿಗೆ 1.3 ಲಕ್ಷ ಯೆನ್ ಹತ್ತಿರ, ಶುರೂಲೇ ಆರು ತಿಂಗಳ ಡೆಪಾಸಿಟ್ ಇಟ್ಕೊಂಡ್ರು. 2018ರಲ್ಲಿ ಬಿಸಿನೆಸ್ ವೀಸಾಕ್ಕೆ 50 ಲಕ್ಷ ಯೆನ್ ಬಂಡವಾಳ ತೋರ್ಸಿದ್ರೆ ಸಾಕಿತ್ತು, 2025ರ ಅಕ್ಟೋಬರಿಂದ ಅದು 3 ಕೋಟಿ, ಹಾಗಾಗಿ ನಾನೂ ಒಂದು ತೆಗೀತೀನಿ ಅಂತ ಮೆಸೇಜ್ ಮಾಡೋರು ಮೊದ್ಲು ಅದನ್ನ ನೋಡ್ಕೊಳ್ಳಿ.

ಪಾತ್ರೆ ಪೇಟೆ ಕಪ್ಪಾಬಾಶಿ ಹತ್ರ ರೇಟಲ್ಲಿ ಪೈಪೋಟಿ ಮಾಡೋಕೆ ಆಗೋ ಮಾತಲ್ಲ. ಉಯೆನೊ–ಅಸಾಕುಸಾ ಮಧ್ಯೆ 800 ಮೀಟರ್ ರಸ್ತೇಲಿ 170 ಅಂಗಡಿ, ಚಾಕುವಿಂದ ಹಿಡಿದು ಶೋಕೇಸಿಗಿಡೋ ಪ್ಲಾಸ್ಟಿಕ್ ಸೂಶಿ ತನಕ ಎಲ್ಲ ಅಲ್ಲೇ. ಮೊದಲೆರಡು ವರ್ಷ ನಾನೂ ಅವ್ರ ಹಾಗೇ ಎಲ್ಲಾ ತುಂಬಿಸಿಟ್ಟೆ, ಯುಕಿಹಿರಾ ಪಾತ್ರೆ, ಸುರಿಬಾಚಿ ಅನ್ನೋ ಅರೆಯೋ ಬಟ್ಟಲು, ಪಾತ್ರೆ ಒಳಗೇ ಕೂರೋ ಮರದ ಮುಚ್ಚಳ ಒತೋಶಿಬುತಾ, ಮೊಟ್ಟೆ ಬಾಣಲೆ. ಜನ ಬಂದು ಮುಟ್ಟಿ ನೋಡಿ "ಚೆನ್ನಾಗಿದೆ" ಅಂದು ಹೋಗೋರು. 2019ರಲ್ಲಿ ಮಾರಾಟ ತೆರಿಗೆ ಶೇ 10 ಆಯ್ತು, ಅದಾದ್ಮೇಲೆ ಇನ್ನೂ ಕಷ್ಟ.

ಡೊನಾಬೆ ಮಾತ್ರ ಮಾರಾಟ ಆಗೋದು, ಆದ್ರೆ ವಾಪಸ್ ಬರೋದು. ಹತ್ತು ಹೋದ್ರೆ ಎರಡೋ ಮೂರೋ "ತಳ ಸೋರ್ತಿದೆ" ಅಂತ ಬರ್ತಿದ್ವು. ಸೋರೋದು ಅದರ ಗುಣ ಅಂತ ನಮಗೆ ಗೊತ್ತು, ಇಗಾ ಅನ್ನೋ ಊರಿನ ಮಣ್ಣಲ್ಲಂತೂ ಸಣ್ಣ ಸಣ್ಣ ತೂತು ಜಾಸ್ತಿ, ಬೀವಾ ಸರೋವರ ಹಿಂದೆ ಅಲ್ಲೇ ಇತ್ತಂತಲ್ಲ, ಆ ತಳದ ಮಣ್ಣು ಅದು. ಮೊದಲ ಸಲ ಗಂಜಿ ಬೇಯ್ಸಿ ಮೆದೊಮೆ (ಆ ತೂತು ಮುಚ್ಚೋದು) ಮಾಡಿ ಅಂತ ಬಾಕ್ಸಲ್ಲಿ ಚೀಟಿ ಇರತ್ತೆ, ಯಾರು ಓದ್ತಾರೆ, ಕೆಲಸ ಮುಗ್ಸಿ ರಾತ್ರಿ ಎಂಟಕ್ಕೆ ಮನೆಗೆ ಬಂದೋರು ಒಂದು ಗಂಟೆ ಗಂಜಿ ಕಾಯ್ಸ್ತಾ ಕೂರ್ತಾರಾ? ನೇರ ಉರಿಗಿಟ್ಟು, ಸೋರಿ, ಬಿರುಕು ಬಿಟ್ಟು, ನಮ್ಮ ತಲೆಗೆ ಕಟ್ಟೋದು. ವಾಪಸ್ ತರಿಸ್ಕೊಳ್ಳೋ ಪಾರ್ಸೆಲ್ಲಿಗೇ ಸಾವಿರ ಯೆನ್ ಮೇಲೆ.

ನಾನು ತೀರ್ಥಹಳ್ಳಿ ಕಡೆಯವಳು, ನಮ್ಮಲ್ಲಿ ಹೊಸ ಮಡಿಕೆನ ಅಕ್ಕಚ್ಚು ಹಾಕಿ, ಗಂಜಿ ಬೇಯ್ಸಿ ಪಳಗಿಸ್ದೆ ಒಲೆಗೆ ಇಡೋದೇ ಇಲ್ಲ, ಹಾಗಾಗಿ ಕೆಲಸ ಹೊಸದಲ್ಲ. ಮಾರೋ ಮಾಲಿಗೆ ಮಾಡೋದು ಮಾತ್ರ ಬೇರೆ ಕಥೆ. ಬರೀ ಅಕ್ಕಚ್ಚು ಹಾಕಿ ನೋಡ್ದೆ, ಸಾಲ್ದು. ಮೈದಾ ಕದಡಿ ಹಾಕ್ದೆ, ಮುಚ್ಚಳ ತೆಗೆದ್ರೆ ಹುಳಿ ವಾಸನೆ, ಗಿರಾಕಿ ಮೂಗು ಮುರಿಯೋದು ಗ್ಯಾರಂಟಿ. ರಾಗಿ ಗಂಜೀನೂ ಆಯ್ತು (ನಿಶಿಕಸಾಯಿಯ ಇಂಡಿಯನ್ ಅಂಗಡಿ ಹಿಟ್ಟು), ಒಂದು ಹನಿ ಸೋರಲ್ಲ, ಆದ್ರೆ ಒಳಗಿನ ಗ್ಲೇಜಿನ (ಹೊಳಪಿನ ಲೇಪ) ಕೂದಲೆಳೆ ಬಿರುಕಲ್ಲೆಲ್ಲ ಕಂದು ಬಣ್ಣ ಇಳಿದು ನಕ್ಷೆ ಬರೆದ ಹಾಗೆ ಆಯ್ತು. ಅದನ್ನ ಮಾರೋಕಾಗ್ಲಿಲ್ಲ, ನಮ್ಮನೆ ಸಾರಿನ ಮಡಿಕೆ ಈಗ ಅದೇ. ಅನ್ನದ ಗಂಜಿ ಎಲ್ಲಕ್ಕಿಂತ ಒಳ್ಳೇದು, ಆದ್ರೆ 2025ರಲ್ಲಿ 5 ಕೆಜಿ ಅಕ್ಕಿ 4,000 ಯೆನ್ ದಾಟಿದ್ಮೇಲೆ ಅದನ್ನ ಮಡಿಕೆಗೆ ಸುರಿಯೋಕೆ ಹೊಟ್ಟೆ ಉರಿಯತ್ತೆ. ಕೊನೆಗೆ ನಿಂತಿದ್ದು ಕತಾಕುರಿಕೊ, ಆಲೂಗಡ್ಡೆ ಪಿಷ್ಟ.

ಮಡಿಕೆಗೆ ಮುಕ್ಕಾಲು ನೀರು, ತಣ್ಣಗಿರೋವಾಗ್ಲೇ ಪಿಷ್ಟ ಎರಡು ಮೂರು ದೊಡ್ಡ ಚಮಚ ಕದಡಿ, ಹೊರಗಡೆ ತಳ ಪೂರ್ತಿ ಒಣಗಿರ್ಬೇಕು, ಸಣ್ಣ ಉರೀಲಿ ಕುದಿ ಬಂದ್ಮೇಲೆ ಮುಕ್ಕಾಲು ಗಂಟೆ. ಆಫ್ ಮಾಡಿ ಅದರಲ್ಲೇ ತಣಿಯೋಕೆ ಬಿಡ್ತೀನಿ, ಇಲ್ಲಿ ಅವಸರ ಮಾಡೋ ಹಾಗಿಲ್ಲ. ಮಧ್ಯೆ ಇನ್ನೊಂದು ಸಾಮಾನು ಹಾಕ್ತೀನಿ, ಅದು ಏನು ಅಂತ ಹೇಳಲ್ಲ, ಅಡುಗೆಮನೇದೇ. ತೊಳ್ದು, ತಳ ಮೇಲೆ ಮಾಡಿ ಬೋರಲು ಹಾಕಿ, ಚಿಕ್ಕ ಫ್ಯಾನ್ ಎದುರು ಎರಡು ಮೂರು ದಿನ. ಜೂನ್–ಜುಲೈ ತ್ಸುಯು ಮಳೇಲಿ ಒಂದು ಬ್ಯಾಚ್ ಪೂರ್ತಿ ಬೂಸ್ಟು ಹಿಡೀತು, ಕಪ್ಪು ಚುಕ್ಕೆ, ವಾಸನೆ. ವಿನೆಗರ್ ನೀರು ಕುದಿಸಿ ತೊಳ್ದು ಮತ್ತೆ ಮೊದಲಿಂದ ಮಾಡಿದ್ರೂ ಅರ್ಧ ಮಾತ್ರ ಉಳೀತು, ಕಮ್ಮಿ ಅಂದ್ರೂ 40 ಸಾವಿರ ಯೆನ್ ಮಾಲು ಹಾಳಾಯ್ತು. ಆಮೇಲಿಂದ ಮಳೆಗಾಲದಲ್ಲಿ ಪಳಗಿಸೋದೇ ಇಲ್ಲ, ಹೇಗೂ ಆಗ ಯಾರೂ ಡೊನಾಬೆ ಕೇಳಲ್ಲ.

ಒಣಗಿದ್ಮೇಲೆ ರಾತ್ರಿ ನೀರು ತುಂಬಿ, ಕೆಳಗೆ ಆ ದಿನದ ನ್ಯೂಸ್‌ಪೇಪರ್ ಹಾಸಿ ಬಿಡೋದು. ಬೆಳಿಗ್ಗೆ ಪೇಪರಲ್ಲಿ ಒದ್ದೆ ಉಂಗುರ ಬಿದ್ದಿದ್ರೆ ಇನ್ನೊಂದು ರೌಂಡ್ ಗಂಜಿ. ಒಣಗೇ ಇದ್ರೆ ಅದೇ ಪೇಪರ್ ಮಡಚಿ ಮಡಿಕೆ ಒಳಗೆ ಹಾಕಿ ಪ್ಯಾಕ್. ಗಿರಾಕಿ ಬಾಕ್ಸ್ ಬಿಚ್ಚಿದ್ರೆ ತಾರೀಖು ಇರೋ ಒಣ ಪೇಪರ್ ಸಿಗತ್ತೆ. ಬಳಸಿದ ಮಡಿಕೆ ಅನ್ನೋ ಅನುಮಾನ ಹೋಗಿದ್ದೇ ಈ ಪೇಪರಿಂದ, ಎಷ್ಟೋ ಜನ ಅದನ್ನ ಇಟ್ಕೊಂಡಿದಾರೆ.

ಲೆಕ್ಕ ಹೀಗೆ. ಮೂರು ಗೋ (450 ಗ್ರಾಂ ಅಕ್ಕಿ) ಅನ್ನದ ಇಗಾ ಮಡಿಕೆ 12,000 ಯೆನ್, ನಂಗೆ ಬೀಳೋದು 60 ಪರ್ಸೆಂಟಿಗೆ. ಪಳಗಿಸಿದ್ದಕ್ಕೆ 1,800 ಜಾಸ್ತಿ, ಪಿಷ್ಟ, ಗ್ಯಾಸ್ ಎಲ್ಲ ಸೇರಿ 150 ಯೆನ್ ಆದ್ರೆ ಹೆಚ್ಚು. ಮೊದ್ಲು ಚಳೀಲಿ ತಿಂಗಳಿಗೆ ಆರೇಳು ಹೋಗ್ತಿತ್ತು, ಕಳೆದ ಸೀಸನ್ನಲ್ಲಿ 25 ದಾಟ್ತು. ಯೊಕ್ಕಾಯಿಚಿಯ ಬಾಂಕೊ ಮಡಿಕೆ ಅಗ್ಗ, ಗಟ್ಟಿ, ಅದರ ಮಣ್ಣಿಗೆ ಬಿಸಿ ತಡ್ಕೊಳ್ಳೋ ಪೆಟಲೈಟ್ ಅನ್ನೋ ಖನಿಜ ಸೇರ್ಸಿರ್ತಾರೆ, ಆದ್ರೆ ಮೂರು ನಾಲ್ಕು ಸಾವಿರದ ಮಾಲಿಗೆ 1,800 ಯಾರೂ ಕೊಡಲ್ಲ, ಅದನ್ನ ಹಾಗೇ ಮಾರ್ತೀನಿ.

ಅಂಗಡೀಲಿ ತಿನ್ನೋಕೆ ಕೊಡ್ಬೇಕು ಅಂದ್ರೆ ಹೊಕೆಂಜೊ (ಆರೋಗ್ಯ ಕಚೇರಿ) ಪರ್ಮಿಶನ್ನು, ಸಿಂಕು, ಅದೂ ಇದೂ ಅಂತ ಖರ್ಚು. ನಾನು ಮಾಡೋದು ಇಷ್ಟೇ, ಹನ್ನೊಂದೂವರೆಗೆ ನನ್ನ ಊಟಕ್ಕೆ ನಾನೇ ಅನ್ನ ಇಡ್ತೀನಿ. ಅಕ್ಕಿ 450 ಗ್ರಾಂ, ನೀರು 600 ಎಂಎಲ್, ಬೇಸಿಗೆಲಿ ಅರ್ಧ ಗಂಟೆ ಚಳೀಲಿ ಒಂದು ಗಂಟೆ ನೆನೆಸಿ, ಮಧ್ಯಮ ಉರಿ, ಮುಚ್ಚಳದ ತೂತಿಂದ ಹಬೆ ಜೋರಾಗಿ ಬಂದ್ಮೇಲೆ ಎರಡು ನಿಮಿಷ, ಆಫ್, ಇಪ್ಪತ್ತು ನಿಮಿಷ ಮುಟ್ಟಬಾರ್ದು. ತಳ ಹಿಡಿದ ಅನ್ನದ ವಾಸನೆ ಬೀದಿಗೆ ಹೋಗತ್ತೆ, ಬೋರ್ಡಿಗಿಂತ ಅದೇ ಕೆಲಸ ಮಾಡತ್ತೆ. ಮಿಸೊ ಸೂಪಿಗೆ ಕತ್ಸುವೊ ಒಣಮೀನು ಹಾಕಲ್ಲ, ನಾವು ಮೀನು ತಿನ್ನಲ್ಲ, ಲೀಟರ್ ನೀರಿಗೆ ಹತ್ತು ಗ್ರಾಂ ಕೊಂಬು (ಒಣ ಕಡಲ ಪಾಚಿ), ಮೂರು ನಾಲ್ಕು ಒಣ ಶಿಟಾಕೆ ಅಣಬೆ, ರಾತ್ರಿ ಫ್ರಿಜ್ಜಲ್ಲಿ ನೆನೆಸಿಡ್ತೀನಿ. ಅಕ್ಕಿ ತೊಳೆದ ನೀರು ಚೆಲ್ಲಲ್ಲ, ಅದ್ರಲ್ಲಿ ಡೈಕನ್ ಮೂಲಂಗಿ ಬೇಯ್ಸಿದ್ರೆ ಕಹಿ ಹೋಗತ್ತೆ.

ಮಧ್ಯೆ ತಾಮ್ರದ ಮೊಟ್ಟೆ ಬಾಣಲೆ ಹುಚ್ಚೂ ಹಿಡಿದಿತ್ತು. ಹಳೇ ಸಾಮಾನು ಮಾರೋ ಲೈಸೆನ್ಸಿಗೆ ಪೊಲೀಸ್ ಸ್ಟೇಷನ್ನಲ್ಲಿ 19,000 ಯೆನ್ ಕಟ್ಟಿ, ಮುಚ್ಚಿದ ಹೋಟೆಲುಗಳ ಬಾಣಲೆ ತಂದು ಕಲಾಯಿ ಹಾಕಿಸಿ ಮಾರೋದು. ಕೊಂಡೋರು ಖಾಲಿ ಬಾಣಲೆ ಉರಿಗಿಟ್ರೆ 232 ಡಿಗ್ರಿಗೆ ತವರ ಕರಗಿ ಮಣಿ ಮಣಿ ಆಗತ್ತೆ, ಮತ್ತೆ ನಮ್ಮ ಹತ್ರಾನೇ ಜಗಳ. ಲೈಸೆನ್ಸ್ ದುಡ್ಡು ಹುಟ್ತು, ಅಷ್ಟೇ. ದೋಸೆ ಕಾವಲಿನೂ ಇಟ್ಟಿದ್ದೆ, ಇಲ್ಲಿ 2008ರಿಂದ ಎರಡು ಮೂರು ಬರ್ನರಿನ ಗ್ಯಾಸ್ ಒಲೆಯ ಪ್ರತಿ ಬರ್ನರಿಗೂ ಬಿಸಿ ಅಳೆಯೋ ಸೆನ್ಸರ್ ಕಡ್ಡಾಯ, ಖಾಲಿ ಕಾವಲಿ ಕಾಯೋಕೆ ಶುರುವಾದ್ರೆ ಉರಿ ತಾನೇ ಇಳಿದುಬಿಡತ್ತೆ, ಎರಡನೇ ದೋಸೆ ಬಿಳೀ ರೊಟ್ಟಿ. ಸೆನ್ಸರ್ ತಪ್ಪಿಸೋ ಬಟನ್ ಇರೋ ಒಲೆಯವ್ರಿಗೆ ಮಾತ್ರ ಕೊಡ್ತೀನಿ.

ಈಗಿನ ತಲೆನೋವು ಐಎಚ್ ಒಲೆ, ಅಂದ್ರೆ ಕರೆಂಟಿನ ಇಂಡಕ್ಷನ್ ಒಲೆ. ಹೊಸ ಅಪಾರ್ಟ್‌ಮೆಂಟಲ್ಲಿ ಅದೇ ಜಾಸ್ತಿ, ಮಣ್ಣಿನ ಮಡಿಕೆ ಅದರ ಮೇಲೆ ಕೆಲಸ ಮಾಡಲ್ಲ. ಹಾಗಾಗಿ ಚಿಕ್ಕ ಗ್ಯಾಸ್ ಡಬ್ಬಿ ಹಾಕೋ ಕ್ಯಾಸೆಟ್ ಗ್ಯಾಸ್ ಒಲೆ ಜೊತೆ ಸೆಟ್ ಮಾಡಿ 17,000ಕ್ಕೆ ಕೊಡೋಕೆ ಶುರು ಮಾಡಿದೀನಿ, ಒಲೇಲಿ ಲಾಭ ನೂರಿನ್ನೂರು ಯೆನ್ ಅಷ್ಟೇ, ಮಡಿಕೆ ಹೋಗತ್ತಲ್ಲ ಅಂತ. ಬೇಡ ಅಂದಿದ್ದ ಹೋಲ್‌ಸೇಲ್‌ನವ ಮೊನ್ನೆ ಬಂದು ಬೇರೆ ಅಂಗಡಿಗಳಿಗೂ ಪಳಗಿಸಿ ಕೊಡ್ತೀರಾ, ಒಂದಕ್ಕೆ 800 ಕೊಡ್ತೀನಿ ಅಂದ. 1,200ಕ್ಕೆ ಕಮ್ಮಿ ಆಗಲ್ಲ ಅಂದಿದೀನಿ, ಇನ್ನೂ ಉತ್ತರ ಬಂದಿಲ್ಲ.