ಕೈತೋಟದ ಮೊದಲ ಪುಸ್ತಕವನ್ನು ಆರಿಸುವುದು ಹೇಗೆ?

ತರಕಾರಿ ಬೆಳೆಯುವುದನ್ನು ಕಲಿಯಲೆಂದು ನಾನು ಕೊಂಡ ಮೊದಲ ಪುಸ್ತಕದಲ್ಲಿ ಅವರೆಯ ಬಗ್ಗೆ ಇದ್ದದ್ದು ಒಂದೇ ಸಾಲು: ವರ್ಷದ ಯಾವ ತಿಂಗಳಲ್ಲಾದರೂ ಬಿತ್ತಬಹುದು. ಅದನ್ನು ನಂಬಿ, ತುಮಕೂರಿನ ಸಂತೆಯಿಂದ ತಂದ ನಾಟಿ ಅವರೆಬೀಜವನ್ನು ಯುಗಾದಿಯ ಹೊತ್ತಿಗೆ ಹಿತ್ತಲಿನಲ್ಲಿ ಊರಿದೆ. ಬಳ್ಳಿ ಚಪ್ಪರವನ್ನೆಲ್ಲ ತುಂಬಿ ಪಕ್ಕದ ನುಗ್ಗೆಮರವನ್ನೂ ಏರಿತು. ಆರೇಳು ತಿಂಗಳು ನೀರು, ಗೊಬ್ಬರ ಉಂಡಿತೇ ಹೊರತು ಒಂದು ಹೂವನ್ನೂ ಬಿಡಲಿಲ್ಲ. ಕೊನೆಗೆ ದೀಪಾವಳಿ ಕಳೆದ ಮೇಲೆ ಮೊಗ್ಗು ಕಾಣಿಸಿತು. ಹಗಲು ಚಿಕ್ಕದಾಗುವ ಕಾಲ ಬಾರದೆ ನಾಟಿ ಅವರೆ ಹೂವಿಗೆ ಬರುವುದಿಲ್ಲ ಎಂಬುದು ರಾಗಿಯ ಹೊಲದಲ್ಲಿ ಅಕ್ಕಡಿಸಾಲು (ನಡುನಡುವೆ ಬೇರೆ ಬೆಳೆಯ ಸಾಲು) ಹಾಕುವ ಯಾವ ರೈತನಿಗಾದರೂ ಗೊತ್ತು. ಪುಸ್ತಕ ಬರೆದವರಿಗೆ ಅದು ಗೊತ್ತಿರಲಿಲ್ಲ, ಅಥವಾ ಹೇಳುವುದು ಅಗತ್ಯವೆನಿಸಿರಲಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ಮುಖಪುಟವನ್ನಾಗಲಿ ಮುನ್ನುಡಿಯನ್ನಾಗಲಿ ನೋಡುತ್ತ ಕೂರದೆ, ನೇರವಾಗಿ ಮೂರು ಬೆಳೆಗಳ ಪುಟಗಳನ್ನು ತೆರೆದು ಓದಬೇಕೆಂದು ಹೊಸಬರಿಗೆ ನಾನು ಹೇಳುತ್ತೇನೆ. ಮೊದಲನೆಯದು ಅವರೆ. ಮಳೆಗಾಲದಲ್ಲಿ ಬಿತ್ತಿ ಚಳಿಗಾಲದಲ್ಲಿ ಕೊಯ್ಯುವ ನಾಟಿ ಅವರೆಯನ್ನೂ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹೊರತಂದ, ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನೂ ಆ ಪುಸ್ತಕವು ಬೇರೆಬೇರೆಯಾಗಿ ಹೇಳಿದ್ದರೆ, ಬರೆದವರು ಮಣ್ಣು ಮುಟ್ಟಿದವರೆಂದು ತಿಳಿಯಬಹುದು.

ಎರಡನೆಯದು ಬೆಂಡೆ. ಎಲೆಯ ನರಗಳೆಲ್ಲ ಹಳದಿಯಾಗಿ ಕಾಯಿಯೂ ಬಿಳಿಚಿಕೊಳ್ಳುವ ಹಳದಿ ನಂಜುರೋಗವು ಬೆಂಡೆ ಬೆಳೆದವರೆಲ್ಲರನ್ನೂ ಒಮ್ಮೆಯಾದರೂ ಕಾಡುತ್ತದೆ. ಇದನ್ನು ಹರಡುವುದು ಬಿಳಿನೊಣ. ರೋಗ ತಗುಲಿದ ಗಿಡಕ್ಕೆ ಯಾವ ಔಷಧಿಯೂ ಇಲ್ಲ, ಅದನ್ನು ಕಿತ್ತುಹಾಕಿ ಉಳಿದ ಗಿಡಗಳಲ್ಲಿ ಬಿಳಿನೊಣವನ್ನು ಹತೋಟಿಗೆ ತರುವುದೊಂದೇ ದಾರಿ. ಇಷ್ಟನ್ನು ನೇರವಾಗಿ ಹೇಳಿ, ರೋಗ ತಡೆದುಕೊಳ್ಳುವ ಅರ್ಕಾ ಅನಾಮಿಕದಂತಹ ತಳಿಯೊಂದನ್ನು ಸೂಚಿಸುವ ಪುಸ್ತಕವು ನಂಬಿಕೆಗೆ ಅರ್ಹ. ಅದೇ ರೋಗಕ್ಕೆ ಮಜ್ಜಿಗೆ ಸಿಂಪಡಿಸಿದರೆ ಗುಣವಾಗುತ್ತದೆಂದು ಭರವಸೆ ಕೊಡುವ ಪುಸ್ತಕವನ್ನು ಅಲ್ಲಿಯೇ ಇಟ್ಟು ಬರುವುದು ಒಳಿತು.

ಮೂರನೆಯದು ಮೆಣಸಿನಗಿಡದ ಎಲೆ ಮುಟುರು. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿಕೊಂಡಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ಕೀಟದ ಕೆಲಸ. ಕೆಳಮುಖವಾಗಿ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿಯದು. ಇವೆರಡಕ್ಕೂ ಪರಿಹಾರ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಚಿತ್ರಸಹಿತವಾಗಿ ತೋರಿಸಿದ ಪುಸ್ತಕ ಸಿಕ್ಕಿದರೆ ಬೆಲೆ ಸ್ವಲ್ಪ ಹೆಚ್ಚಾದರೂ ಕೊಳ್ಳಬೇಕು, ಏಕೆಂದರೆ ಹೊಸಬರಿಗೆ ನಿಜವಾಗಿ ಬೇಕಾದದ್ದು ಬುಟ್ಟಿ ತುಂಬಿದ ಟೊಮೆಟೊಗಳ ಚಿತ್ರವಲ್ಲ, ಕಾಯಿಲೆ ಬಿದ್ದ ಎಲೆಯ ಚಿತ್ರ ಮತ್ತು ಆಗತಾನೇ ಮೊಳೆತ ಸಸಿಯ ಚಿತ್ರ. ಮೊಳೆತ ಹರಿವೆ ಯಾವುದು, ಕಳೆ ಯಾವುದು ಎಂದು ತಿಳಿಯದೆ ಹರಿವೆಯನ್ನೇ ಕಿತ್ತುಹಾಕಿದವರನ್ನು ನಾನು ನೋಡಿದ್ದೇನೆ.

ಪುಸ್ತಕವು ಯಾವ ಊರಿನ ಮಳೆ, ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂಬುದನ್ನು ಅದರ ನಂತರ ನೋಡಬೇಕು. ಇಂಗ್ಲೆಂಡ್ ಅಥವಾ ಅಮೆರಿಕದ ಪುಸ್ತಕಗಳು ಕೊನೆಯ ಹಿಮ ಬಿದ್ದ ದಿನದಿಂದ ವಾರಗಳನ್ನು ಎಣಿಸಿ ಬಿತ್ತನೆಯ ಕಾಲವನ್ನು ಹೇಳುತ್ತವೆ. ನಮ್ಮಲ್ಲಿ ಎಣಿಕೆ ಶುರುವಾಗುವುದು ಮುಂಗಾರಿನಿಂದ. ಮಡಿಯನ್ನು ದಕ್ಷಿಣದ ಬಿಸಿಲಿಗೆ ತೆರೆದಿಡಬೇಕೆಂಬ ಅವರ ಮಾತು ಅಲ್ಲಿಗೆ ಸರಿ. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಚಳಿದೇಶದ ಈರುಳ್ಳಿ ತಳಿಗಳು ನಮ್ಮ ಚಿಕ್ಕ ಹಗಲಿನಲ್ಲಿ ಗೆಡ್ಡೆ ಕಟ್ಟುವುದೇ ಇಲ್ಲ. ಕರ್ನಾಟಕದೊಳಗೇ ನೋಡಿದರೂ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆಯಾದರೆ ಚಳ್ಳಕೆರೆಯಲ್ಲಿ ಅದು 500 ಮಿ.ಮೀ. ಮುಟ್ಟುವುದೂ ಕಷ್ಟ. ಕರಾವಳಿಯಲ್ಲಿ ಮಳೆಗಾಲಕ್ಕೆ ಏರುಮಡಿ ಮಾಡದಿದ್ದರೆ ಬೇರು ಕೊಳೆಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಮಡಿಯನ್ನು ನೆಲದಿಂದ ತುಸು ತಗ್ಗಿಸದಿದ್ದರೆ ಹಾಕಿದ ನೀರು ಗಿಡದ ಬುಡದಲ್ಲಿ ನಿಲ್ಲುವುದಿಲ್ಲ. ವಿಜಯಪುರದ ಎರೆಮಣ್ಣಿಗೂ ಪುತ್ತೂರಿನ ಜಂಬಿಟ್ಟಿಗೆ ಮಣ್ಣಿಗೂ ಒಂದೇ ಉಪಚಾರ ಹೇಳುವ ಪುಸ್ತಕದಿಂದ ಎರಡು ಊರಿನವರಿಗೂ ಹೆಚ್ಚಿನ ಉಪಯೋಗವಿಲ್ಲ.

ಅಳತೆಯ ವಿಚಾರದಲ್ಲಿ ಹೊಸಬರು ಬಹಳ ಸುಲಭವಾಗಿ ತಪ್ಪುತ್ತಾರೆ. ಕೃಷಿ ವಿಶ್ವವಿದ್ಯಾಲಯಗಳ ಬೇಸಾಯ ಪದ್ಧತಿಯ ಪುಸ್ತಕಗಳಲ್ಲಿ ಮಾಹಿತಿ ಖಚಿತವಾಗಿರುತ್ತದೆ, ಆದರೆ ಅವು ರೈತರಿಗಾಗಿ ಬರೆದವು. ಲೆಕ್ಕವೆಲ್ಲ ಎಕರೆ, ಹೆಕ್ಟೇರುಗಳಲ್ಲಿ ಇರುತ್ತದೆ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಎಂದರೆ ಹಿತ್ತಲಿನ 4 ಅಡಿ ಅಗಲ, 10 ಅಡಿ ಉದ್ದದ ಮಡಿಗೆ ಎಷ್ಟು? ಎಕರೆಗೆ 43,560 ಚದರ ಅಡಿಯಂತೆ ಭಾಗಿಸಿದರೆ ಸುಮಾರು 9 ಕೆ.ಜಿ., ಅಂದರೆ ಒಂದು ದೊಡ್ಡ ಬುಟ್ಟಿ. ಸಗಣಿ, ಬೆಲ್ಲ ಕಲಸಿ ಹುಳಿಯಿಸಿದ ದ್ರವಗೊಬ್ಬರವಾದ ಜೀವಾಮೃತಕ್ಕೂ ಹೀಗೆಯೇ 200 ಲೀಟರ್ ಡ್ರಮ್ಮಿನ ಅಳತೆಯನ್ನು ಕೊಡುವುದು ರೂಢಿ: 10 ಕೆ.ಜಿ. ಸಗಣಿ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳಧಾನ್ಯದ ಹಿಟ್ಟು ಇತ್ಯಾದಿ. ತಾರಸಿಯ ಮೇಲೆ ಹತ್ತು ಕುಂಡ ಇಟ್ಟುಕೊಂಡವರಿಗೆ ಬೇಕಾದದ್ದು ಒಂದು ಬಕೆಟ್ಟಿನ ಅಳತೆ. 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಸಗಣಿ, ಬೆಲ್ಲ ಮತ್ತು ಹಿಟ್ಟು ತಲಾ 100 ಗ್ರಾಂ. ಈ ಭಾಗಾಕಾರವನ್ನು ತಾನೇ ಮಾಡಿಕೊಟ್ಟಿರುವ ಪುಸ್ತಕವನ್ನು ಹೊಸಬರು ಆರಿಸಬೇಕು, ದೊಡ್ಡ ಪುಸ್ತಕಗಳನ್ನು ಮುಂದೆ ಕೊಂಡರಾಯಿತು.

ಅಚ್ಚಾದ ವರ್ಷವನ್ನು ತಪ್ಪದೆ ನೋಡಿ. ಹಳೆಯ ಪುಸ್ತಕವೆಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಪಾತಿ ಮಾಡುವುದು, ಬಿತ್ತುವ ಆಳ, ಬಳ್ಳಿಗೆ ಚಪ್ಪರ ಹಾಕುವುದು ಇವೆಲ್ಲ ಅಂದಿನಂತೆಯೇ ಇವೆ. ಆದರೆ ಕೀಟನಾಶಕಗಳ ಪುಟ ಹಾಗಲ್ಲ. 2011ರಲ್ಲಿ ದೇಶದಾದ್ಯಂತ ನಿಷೇಧವಾದ ಎಂಡೋಸಲ್ಫಾನನ್ನು ಕಾಯಿಕೊರಕಕ್ಕೆ ಸಿಂಪಡಿಸಿ ಎನ್ನುವ ಪುಸ್ತಕಗಳು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತವೆ. ದಕ್ಷಿಣ ಕನ್ನಡದ ಹಳ್ಳಿಗಳು ಆ ವಿಷಕ್ಕೆ ತೆತ್ತ ಬೆಲೆಯನ್ನು ಬಲ್ಲವರು ಅಂತಹ ಪುಟವನ್ನು ಮನೆಯಲ್ಲಿ ಇಟ್ಟುಕೊಳ್ಳಲಾರರು.

ಹೆಸರುಗಳ ಗೊಂದಲವೂ ಸಣ್ಣದಲ್ಲ. ಬೆಂಗಳೂರಿನ ಗೋರಿಕಾಯಿ ಧಾರವಾಡದಲ್ಲಿ ಚವಳಿಕಾಯಿ. ಅಲ್ಲಿಯ ರಾಜಗಿರಿ ಮಂಗಳೂರಿನಲ್ಲಿ ಹರಿವೆ. ಬೆಂಗಳೂರಿನವರು ಬೀನ್ಸಿಗೆ ಹುರುಳಿಕಾಯಿ ಎನ್ನುತ್ತಾರೆ, ಹುರುಳಿಯೇ ಬೇರೆ ಬೆಳೆ. ಸೌತೆ ಎಂದರೆ ಹಸಿಯಾಗಿ ತಿನ್ನುವುದೋ ಸಾಂಬಾರಿಗೆ ಹಾಕುವ ಮಂಗಳೂರು ಸೌತೆಯೋ ಎಂಬುದು ಊರಿನ ಮೇಲೆ ಹೋಗುತ್ತದೆ. ಪುಸ್ತಕದ ಕೊನೆಯಲ್ಲಿ ಊರೂರಿನ ಹೆಸರುಗಳೊಡನೆ ಸಸ್ಯಶಾಸ್ತ್ರೀಯ ಹೆಸರನ್ನೂ ಕೊಟ್ಟ ಪಟ್ಟಿಯಿದ್ದರೆ ಬೀಜ ಕೊಳ್ಳುವಾಗ ಮೋಸ ಹೋಗುವ ಭಯವಿರುವುದಿಲ್ಲ.

ಬೀಜದ ಅಧ್ಯಾಯವನ್ನು ಓದಿದರೆ ಲೇಖಕರ ಪ್ರಾಮಾಣಿಕತೆ ತಿಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗಗಳನ್ನು ತಡೆದುಕೊಳ್ಳುವ ಎಫ್1 ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಹಣ್ಣಿನ ಬೀಜವನ್ನು ಮರುವರ್ಷ ಬಿತ್ತಿದರೆ ಅದೇ ಗುಣದ ಗಿಡಗಳು ಬರುವುದಿಲ್ಲ. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಎತ್ತಿಡಬಹುದು. ಎರಡರಲ್ಲಿ ಒಂದನ್ನು ಹೊಗಳುವುದಕ್ಕಿಂತ ಎರಡರ ಲಾಭ, ನಷ್ಟವನ್ನೂ ತಿಳಿಸಿ ಆಯ್ಕೆಯನ್ನು ಓದುಗರಿಗೆ ಬಿಡುವ ಲೇಖಕರು ನನಗೆ ಮೆಚ್ಚುಗೆ.

ಕೊಳ್ಳುವ ಮುನ್ನ ಸಾಧ್ಯವಾದರೆ ಗ್ರಂಥಾಲಯದಿಂದ ಎರವಲು ತಂದು ಒಂದು ತಿಂಗಳು ಬಳಸಿ ನೋಡಬಹುದು. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೋ ಕೃಷಿ ವಿಶ್ವವಿದ್ಯಾಲಯಗಳ ಕೃಷಿಮೇಳಕ್ಕೋ ಹೋದರೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವುದಷ್ಟೇ ಅಲ್ಲ, ತಿಳಿದವರನ್ನು ಕೇಳುವುದಕ್ಕೂ ಅವಕಾಶವಿದೆ. ಹೋಗುವಾಗ ನಿಮ್ಮ ಗಿಡದ ಕಾಯಿಲೆ ಬಿದ್ದ ಎಲೆಯೊಂದನ್ನು ಹಳೆಯ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡು ಹೋಗಿ. ಪುಸ್ತಕದ ಚಿತ್ರಗಳ ಪಕ್ಕದಲ್ಲಿ ಆ ಎಲೆಯನ್ನಿಟ್ಟು ಹೋಲಿಸಿ ನೋಡಿ. ಅದಕ್ಕೆ ಹೊಂದುವ ಚಿತ್ರವೂ ಅದರ ಕೆಳಗೆ ಮಾಡಬೇಕಾದ ಕೆಲಸವೂ ಸಿಕ್ಕಿದರೆ ಹಣ ಕೊಟ್ಟು ತನ್ನಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಒಳಪುಟಗಳ ಮಾದರಿಯನ್ನು ತೋರಿಸದ ಪುಸ್ತಕಕ್ಕೆ ಆತುರ ಬೇಡ, ಮುಂದಿನ ಮೇಳದವರೆಗೆ ಕಾಯಬಹುದು.