ಒಂದೇ ಚರುಮುರಿ, ಹನ್ನೊಂದು ಐಇಪಿ

“ಇದು ಶಾಲೆಯಾ, ಚರುಮುರಿ ಗಾಡಿಯಾ?” ಎಂದು ಕೇಳಿದವರು ಒಬ್ಬಿಬ್ಬರಲ್ಲ. ಈಗ ಅವರಲ್ಲೇ ಕೆಲವರು ಫೋನ್ ಮಾಡಿ, “ನಮ್ಮಲ್ಲೂ ಶುರು ಮಾಡಬೇಕು, ಹೇಗೆ ಅಂತ ಹೇಳಿ ಟೀಚರ್” ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಬರೆದೇ ಬಿಡುತ್ತೇನೆ. ಪ್ರತಿ ಶುಕ್ರವಾರ ನಮ್ಮ ಮಕ್ಕಳು ಚರುಮುರಿ ಮಾಡಿ ಮಾರುತ್ತಾರೆ. ಒಬ್ಬೊಬ್ಬರ ಐಇಪಿಯೂ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆಯೂ, ಅದರಲ್ಲೇ ನಡೆಯುತ್ತದೆ.

ನಮ್ಮದು ಕಾಸರಗೋಡಿನ ಗಡಿ ಪಂಚಾಯತಿನ ಒಂದು ವಿಶೇಷ ಶಾಲೆ. ನನ್ನ ಕೋಣೆಯಲ್ಲಿ ಹನ್ನೊಂದು ಮಕ್ಕಳು. ಆರು ವರ್ಷದವಳೂ ಇದ್ದಾಳೆ, ಮೀಸೆ ಬಂದವನೂ ಇದ್ದಾನೆ. ಬೌದ್ಧಿಕ ಅಸಾಮರ್ಥ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಎಲ್ಲ ಒಟ್ಟಿಗೆ. ಮನೆಮಾತು ತುಳು, ಮಲಯಾಳ, ಕನ್ನಡ, ಒಬ್ಬಳದು ಮರಾಠಿ. ಟೀಚರ್ ನಾನೊಬ್ಬಳೇ, ಜೊತೆಗೆ ಆಯಾ ಒಬ್ಬರು. ಹೊರಗಿನವರಿಗೆ ಈ ಕಡೆಯ ಮಕ್ಕಳು ಅಂದರೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಒಂದೇ ನೆನಪು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುವುದು 2000ದಲ್ಲೇ ನಿಂತಿತು. ಫೋಟೊ ತೆಗೆಯಲು ಬರುವವರು ಇನ್ನೂ ನಿಂತಿಲ್ಲ. ಈ ಮಗುವಿಗೆ ಏನು ಬರುತ್ತದೆ ಎಂದು ಮಾತ್ರ ಅವರು ಕೇಳುವುದಿಲ್ಲ.

ಮೊದಲು ಎಲ್ಲರಂತೆ ವರ್ಕ್‌ಶೀಟ್. ಒಂದು ಪಾಠಕ್ಕೆ ಮೂರು ಮಟ್ಟ. ಬಣ್ಣದ ಪ್ರಿಂಟ್, ಲ್ಯಾಮಿನೇಷನ್, ವೆಲ್ಕ್ರೊ ಅಂತ ಕೈಯಿಂದಲೇ ಮೂರು ಮೂರೂವರೆ ಸಾವಿರ ಹೋಯಿತು. ಜೂನ್ ಮಳೆಗೆ ವೆಲ್ಕ್ರೊದ ಗಮ್ ಬಿಟ್ಟಿತು. ಲ್ಯಾಮಿನೇಷನ್‌ನ ಮೂಲೆಯನ್ನು ಒಬ್ಬ ಜಗಿದು ಮುಗಿಸಿದ. ಅದೂ ಇರಲಿ. ಒಬ್ಬನ ಹತ್ತಿರ ಕೂತರೆ ಉಳಿದ ಹತ್ತು ಮಂದಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕೋಣೆ ಹತ್ತು ನಿಮಿಷದಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ? ಆಮೇಲೆ ಯಾರೋ ದಾನ ಕೊಟ್ಟ ಟ್ಯಾಬ್. ಅದರಲ್ಲಿ ಚಿತ್ರ ಮುಟ್ಟಿದರೆ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಈಗ ಅದು ಕಪಾಟಿನಲ್ಲಿದೆ.

ಹನ್ನೊಂದು ಪಾಠ ತಯಾರಿಸುವುದನ್ನು ಬಿಟ್ಟು ಒಂದೇ ಕೆಲಸವನ್ನು ಹನ್ನೊಂದು ತುಂಡು ಮಾಡಿದೆ. ಆಮೇಲೆ ಕೋಣೆ ಹಿಡಿತಕ್ಕೆ ಬಂತು. ಚರುಮುರಿಯೇ ಯಾಕೆ? ಒಲೆ ಬೇಡ. ಮಧ್ಯದಲ್ಲಿ ಹಾಳಾದರೂ ದೊಡ್ಡ ನಷ್ಟವಿಲ್ಲ. ಬೇಡ ಅನ್ನುವವರು ನಮ್ಮ ಊರಲ್ಲಿ ಇಲ್ಲ. ನೀರುಳ್ಳಿ ಸುಲಿಯುವುದು, ಕ್ಯಾರೆಟ್ ತುರಿಯುವುದು, ಲೋಟದಲ್ಲಿ ಮಂಡಕ್ಕಿ ಅಳೆಯುವುದು, ಎಣ್ಣೆ ಉಪ್ಪು ಖಾರ, ಕಲಸುವುದು, ಪೊಟ್ಟಣ ಸುತ್ತುವುದು, ತುಂಬಿಸುವುದು, ಕೊಡುವುದು, ದುಡ್ಡು ತೆಗೆದುಕೊಳ್ಳುವುದು. ಯಾರಿಗೆ ಯಾವುದು ಎಂದು ಐಇಪಿ ಗುರಿ ನೋಡಿ ಹಂಚಿದೆ. ಒಬ್ಬನಿಗೆ ಲೋಟದ ಗೆರೆಯವರೆಗೆ ತುಂಬಿಸುವುದೇ ಗಣಿತ. ಇನ್ನೊಬ್ಬಳು ಇಪ್ಪತ್ತು ಪೊಟ್ಟಣಕ್ಕೆ ಎಷ್ಟು ಲೋಟ ಬೇಕು ಅಂತ ಲೆಕ್ಕ ಹಾಕಬೇಕು. ಸೂಚನೆ ಮಾತ್ರ ಅವರವರ ಮನೆಮಾತಿನಲ್ಲೇ. ಮರಾಠಿ ನನಗೆ ಬರುವುದಿಲ್ಲ, ಆ ಹುಡುಗಿಯ ಅಮ್ಮನ ಹತ್ತಿರ ಹತ್ತು ಮಾತು ಕಲಿತೆ.

ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯದ್ದು ಸ್ವಲ್ಪ ವಿವರವಾಗಿ ಹೇಳಬೇಕು. ಬಲಗೈ ಮಾತ್ರ ಭುಜದಿಂದ ಸ್ವಲ್ಪ ಆಡುತ್ತದೆ, ಬೆರಳು ಬಿಡಿಸುವುದಿಲ್ಲ. ಅವಳಿಗೆ ಮೊದಲು ಕೊಟ್ಟದ್ದು ಕೊನೆಯ ಹೆಜ್ಜೆ. ಅಡಿಕೆ ಹಾಳೆಯ ತಟ್ಟೆಯಲ್ಲಿ ಪೊಟ್ಟಣ ಇಟ್ಟು ಅವಳ ಮುಂದಿಡುವುದು, ಅವಳು ಮುಷ್ಟಿಯಿಂದ ಅದನ್ನು ಗಿರಾಕಿಯ ಕಡೆ ತಳ್ಳುವುದು. ಅಷ್ಟೇ. ತಳ್ಳಿದ ಕೂಡಲೇ ಗಿರಾಕಿ ಅವಳ ಮುಖ ನೋಡಿ ಮಾತಾಡಲೇಬೇಕು, ಇದು ನನ್ನ ಕಟ್ಟುನಿಟ್ಟು. ಅದು ಗಟ್ಟಿಯಾದ ಮೇಲೆ ಅದರ ಹಿಂದಿನ ಹೆಜ್ಜೆ, ಪೊಟ್ಟಣಕ್ಕೆ ಕೊನೆಯ ಒಂದು ಸೌಟು ಹಾಕುವುದು. ಸೌಟಿನ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆ, ಖರ್ಚು ಸೊನ್ನೆ. ಹೀಗೆ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವ ಬ್ಯಾಕ್‌ವರ್ಡ್ ಚೈನಿಂಗ್ ನಾವೆಲ್ಲ ಪರೀಕ್ಷೆಗೆ ಬರೆದದ್ದೇ. ಆದರೆ ಹಲ್ಲುಜ್ಜುವುದು, ಅಂಗಿ ಹಾಕುವುದು ಬಿಟ್ಟು ಬೇರೆಲ್ಲೂ ಬಳಸುವವರು ಕಡಿಮೆ. ಸುಮಾರು ಒಂದು ವರ್ಷದಲ್ಲಿ, ಮಗು ಎಷ್ಟು ತಾನೇ ಮಾಡುತ್ತದೆ ಎಂದು ಅಳೆಯುವ ಪಟ್ಟಿಯಾದ ಎಫ್‌ಎಸಿಪಿಯಲ್ಲಿ ಅವಳ ಎರಡು ಮೂರು ಐಟಂ ಟಿಡಿಯಿಂದ (ಪೂರ್ತಿ ಅವಲಂಬನೆ) ಪಿಪಿಗೆ (ಕೈ ಹಿಡಿದು ಸಹಾಯ) ಬಂತು, ಒಂದು ವಿಪಿಗೆ (ಬರೀ ಮಾತಿನ ಸೂಚನೆ). ಹೊರಗಿನವರಿಗೆ ಅದು ಅಕ್ಷರ ಅಷ್ಟೇ. ನಮಗೆ ಗೊತ್ತಲ್ಲ. ಒಂದು ಎಚ್ಚರಿಕೆ: ನುಂಗಲು ಕಷ್ಟ ಇರುವವರಿಗೆ ಒಣ ಮಂಡಕ್ಕಿ ಕೊಡಬೇಡಿ. ಅವಳ ಪಾಲನ್ನು ನೆನೆಸಿ, ಕಿವುಚಿ ಕೊಡುತ್ತೇವೆ. ನೆಲಗಡಲೆ ನಮ್ಮ ಚರುಮುರಿಗೇ ಇಲ್ಲ.

ಆಟಿಸಂ ಇರುವ ಹುಡುಗನಿಗೆ ನೀರುಳ್ಳಿ ವಾಸನೆ ಆಗದು. ಅವನನ್ನು ಕಿಟಕಿ ಹತ್ತಿರ ಪೊಟ್ಟಣದ ಕೆಲಸಕ್ಕೆ ಹಾಕಿದೆ. ಅವನು ಸುತ್ತಿದ ಪೊಟ್ಟಣ ನನ್ನದಕ್ಕಿಂತ ಬಿಗಿ, ಒಂದರ ತಲೆ ಮೇಲೆ ಒಂದು ನಿಲ್ಲಿಸಿದರೆ ಅಳತೆಯಲ್ಲಿ ಒಂದು ನೂಲು ವ್ಯತ್ಯಾಸ ಇಲ್ಲ. ನ್ಯೂಸ್ ಪೇಪರಿನಲ್ಲಿ ತಿಂಡಿ ಕಟ್ಟಬಾರದು ಅಂತ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನಿಯಮ ಇದೆ, ಹಾಗಾಗಿ ಕುಂಬಳೆ ಕಡೆಯ ಪ್ರೆಸ್ಸಿನಿಂದ ಬಿಳಿ ಕಾಗದದ ಚೂರು ತರುತ್ತೇನೆ. ಅಳೆಯುವ ಹುಡುಗ ಮಧ್ಯದಲ್ಲೇ ಮಂಡಕ್ಕಿ ಮುಕ್ಕದಂತೆ ಏನು ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಶುಕ್ರವಾರ ಬಂದು ನೋಡಿ.

ತುಂಬಾ ಕಾಡಿದ್ದು ನೋಟು. ಬಣ್ಣ ನೋಡಿ ಗುರುತಿಸಲು ಕಲಿಸುವುದು ಸುಲಭ ಅಂತ ಪುಸ್ತಕ ಹೇಳುತ್ತದೆ. ಹತ್ತು ಚಾಕೊಲೇಟ್ ಕಂದು, ಐವತ್ತು ನೀಲಿ, ನೂರು ತಿಳಿ ನೇರಳೆ. ಆದರೆ ಗಲ್ಲಾಪೆಟ್ಟಿಗೆಗೆ ಹಳೆ ನೋಟೂ ಬರುತ್ತದೆ. ಹಳೆ ಐವತ್ತು ನೇರಳೆ, ಹೊಸ ನೂರೂ ನೇರಳೆ! ಹಳೆ ಇಪ್ಪತ್ತು ಕೆಂಪು, ಹೊಸದು ಹಸಿರು ಮಿಶ್ರಿತ ಹಳದಿ. ಬಣ್ಣದ ಚಾರ್ಟು ಕಿತ್ತು ಹಾಕಿದೆ. ಈಗ ನೋಟಿನ ಮೇಲಿನ ಅಂಕಿ ಮಾತ್ರ ಕಾಣುವ ಹಾಗೆ ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಕೊಟ್ಟಿದ್ದೇನೆ. ಅಂಕಿ ಬಾರದವನಿಗೆ ಹತ್ತರ ನಾಣ್ಯ ಒಂದೇ, ಹೊರಗೆ ಹಳದಿ ಒಳಗೆ ಬಿಳಿ, ತಪ್ಪುವುದಿಲ್ಲ. ಪೊಟ್ಟಣಕ್ಕೆ ಹತ್ತೇ ರೂಪಾಯಿ ಇಟ್ಟದ್ದು ಅದಕ್ಕೇ. ಕೆಲವು ಅಂಗಡಿಯವರು ಆ ನಾಣ್ಯ ಬೇಡ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೇ ಮರ್ಯಾದೆ.

ಲೆಕ್ಕ ಹೇಳುವುದಾದರೆ, ಸಾಮಾನಿಗೆ ವಾರಕ್ಕೆ ಮುನ್ನೂರರ ಆಚೆ ಈಚೆ, ಮಾರಾಟ ಐನೂರರ ಹತ್ತಿರ. ಗಿರಾಕಿಗಳು ಪಕ್ಕದ ಆಫೀಸಿನವರು, ಆಟೊ ಸ್ಟ್ಯಾಂಡಿನವರು, ಕರೆದುಕೊಂಡು ಹೋಗಲು ಬರುವ ಅಮ್ಮಂದಿರು. ಒಮ್ಮೆ ತಪಾಸಣೆಗೆ ಬಂದವರು ಟೈಮ್‌ಟೇಬಲ್‌ನಲ್ಲಿ ಇದು ಎಲ್ಲಿದೆ ಎಂದು ಕೇಳಿದರು. ಹನ್ನೊಂದು ಫೈಲು ಬಿಡಿಸಿ ಮುಂದಿಟ್ಟೆ. ಪ್ರತಿಯೊಂದರಲ್ಲೂ ಶುಕ್ರವಾರದ ಕೆಲಸಕ್ಕೆ ಗುರಿ, ತಾರೀಕು, ಸಹಾಯದ ಮಟ್ಟ ಎಲ್ಲ ಇತ್ತು. ಅವರು ಎರಡು ಪೊಟ್ಟಣ ತಿಂದು ಹೋದರು. ಉಳಿದ ದುಡ್ಡಿನಲ್ಲಿ ಮೊದಲು ಮಾಡಿಸಿದ್ದು ಕಾರ್ನರ್ ಚೇರ್, ನೆಟ್ಟಗೆ ಕೂರಲಾಗದ ಮಗುವಿಗೆ ಬೆನ್ನಿಗೂ ಎರಡು ಬದಿಗೂ ಆಸರೆ ಕೊಡುವ ಕುರ್ಚಿ. ಕ್ಯಾಟಲಾಗಿನಲ್ಲಿ ಕೈಗೆ ಎಟುಕದ ಬೆಲೆ. ಊರಿನ ಆಚಾರಿ ಪ್ಲೈವುಡ್‌ನಲ್ಲಿ ಎರಡೂವರೆ ಸಾವಿರಕ್ಕೆ ಮಾಡಿಕೊಟ್ಟರು. ಮಗುವನ್ನು ಕೂರಿಸಿಯೇ ಅಳತೆ ತೆಗೆಸಿ, ಫೋಟೊ ಕಳಿಸಿದರೆ ಆಗದು.

ಮಳೆಗಾಲದಲ್ಲಿ ಮಾತ್ರ ಮಂಡಕ್ಕಿ ಡಬ್ಬಿಯಲ್ಲಿದ್ದರೂ ಮೆತ್ತಗಾಗುತ್ತದೆ. ಅದಕ್ಕೆ ಜೂನ್‌ನಿಂದ ಬೆಲ್ಲದವಲಕ್ಕಿ ಮಾಡಿ ನೋಡಿದೆವು. ಬೆಲ್ಲ ಜಜ್ಜುವುದು ಜೋರು ಕೈಯ ಹುಡುಗರಿಗೆ ಬಲು ಇಷ್ಟ. ಬೆಳಿಗ್ಗೆ ಅರ್ಧ ಗಂಟೆ ಜಜ್ಜಿದರೆ ಆ ದಿನ ತಳ್ಳಾಟ ಕಡಿಮೆ, ಇದು ನನ್ನ ಅಂದಾಜು. ತೆಂಗಿನಕಾಯಿ ತುರಿಯುವುದು ಇನ್ನೂ ಕೂಡಿ ಬಂದಿಲ್ಲ. ಹೆರೆಮಣೆಯ ಮೇಲೆ ಆ ಮೀಸೆಯ ಹುಡುಗ ಒಬ್ಬನೇ ಸಲೀಸು, ಉಳಿದವರಿಗೆ ಹಲ್ಲಿನ ಹತ್ತಿರ ಕೈ ಬಿಡಲು ನನಗೇ ಧೈರ್ಯವಿಲ್ಲ. ಗೋಡೆಗೆ ಬಿಗಿಯುವ ಕೈತಿರುಗಿನ ಯಂತ್ರ ಒಂದನ್ನು ಬದಿಯಡ್ಕದ ಅಂಗಡಿಯಲ್ಲಿ ನೋಡಿ ಬಂದಿದ್ದೇನೆ, ಏಳುನೂರು ಚಿಲ್ಲರೆ ಹೇಳಿದರು. ಯಾರಾದರೂ ಬಳಸಿದ್ದರೆ ಹಿಡಿ ಎಷ್ಟು ಗಟ್ಟಿ ಅಂತ ತಿಳಿಸಿ.