ವರ್ಶ್ ಓದು ಕಲಿತ ಬಗೆ: ಮೊದಲು ಹಂಝ

ಕುರ್‌ಆನ್ ಪಠಣದ ಎರಡು ಸಮ್ಮತ ರೀತಿಗಳು (ಕಿರಾಅತ್) ಹಫ್ಸ್ ಮತ್ತು ವರ್ಶ್, ಅವನ್ನು ದಾಟಿಸಿದವರ ಹೆಸರಿನವು. ಹಫ್ಸ್ ಓದಿಗೆ ಒಗ್ಗಿದ ನಾಲಿಗೆಯನ್ನು ವರ್ಶ್ ಕಿರಾಅತ್‌ಗೆ ಹೊರಳಿಸಲು ನಾನು ಹಿಡಿದದ್ದು ಹಂಝವನ್ನು. ಗಂಟಲನ್ನು ತಟ್ಟನೆ ಬಿಗಿದು ಬಿಡುವ ಈ ಅರಬಿ ಧ್ವನಿಯನ್ನು ತಮೀಮ್ ಬುಡಕಟ್ಟಿನವರು ಒತ್ತಿ ಹೇಳುತ್ತಿದ್ದರು, ಪಶ್ಚಿಮ ಅರೇಬಿಯಾದ ಹಿಜಾಝ್‌ನವರು ಸಡಿಲಿಸುತ್ತಿದ್ದರು. ಹಫ್ಸ್ ಬಂದದ್ದು ಇರಾಕಿನ ಕೂಫಾದ ಆಸಿಮರಿಂದ (ಮರಣ ಹಿಜರಿ 127), ವರ್ಶ್ ಹಿಜಾಝ್‌ನ ಮದೀನದ ನಾಫಿಅರಿಂದ (ಹಿಜರಿ 169). ಹಾಗಂತ ಊರಿನ ಹೆಸರನ್ನೇ ನಂಬಿ ಕೂರುವಂತಿಲ್ಲ. ಅದೇ ನಾಫಿಅರ ಇನ್ನೊಬ್ಬ ಶಿಷ್ಯ ಕಾಲೂನ್ 'ಯುಅ್‌ಮಿನೂನ' ಎಂದು ಹಂಝ ಒತ್ತಿಯೇ ಓದುತ್ತಾರೆ.

ಪುಟದಲ್ಲಿರುವ ಸುಕೂನ್ (ಸ್ವರವಿಲ್ಲದ) ಹಂಝಗಳಿಗೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ, ಅದು ಧಾತುವಿನ ಮೊದಲ ಅಕ್ಷರವೇ ಎಂದು ನೋಡುತ್ತೇನೆ. ಹೌದಾದರೆ ಹಂಝ ಕರಗಿ ಹಿಂದಿನ ಸ್ವರ ದೀರ್ಘವಾಗುತ್ತದೆ: 'ಯುಅ್‌ಮಿನೂನ' ಹೋಗಿ 'ಯೂಮಿನೂನ', 'ಯಅ್‌ಕುಲು' ಹೋಗಿ 'ಯಾಕುಲು'. 'ರಅ್‌ಸ್'ನಲ್ಲಿ ಹಂಝ ನಡುವಿನ ಅಕ್ಷರ, ಹಾಗಾಗಿ ಉಳಿಯುತ್ತದೆ. ತಂಟೆ ಕೊಡುವವು ಅಪವಾದಗಳು: 'ಬಿಅ್‌ಸ', 'ಬಿಅ್‌ರ್'ಗಳಲ್ಲಿ ನಡುವಿನದ್ದಾದರೂ ಕರಗುತ್ತದೆ, 'ಮಅ್‌ವಾ'ದಲ್ಲಿ ಮೊದಲಿನದ್ದಾದರೂ ಕರಗುವುದಿಲ್ಲ. ಇವನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

'ಕದ್ ಅಫ್ಲಹ' ಹಂಝ ಬಿದ್ದು ಕೂಡಿ 'ಕದಫ್ಲಹ' ಆಗುವುದು ಸಂಧಿ ಬಲ್ಲ ಕನ್ನಡದ ಬಾಯಿಗೆ ಸಲೀಸು. ಆದರೆ ಅದೇ ಗುಂಗಿನಲ್ಲಿ 'ಕಾಲೂ ಆಮನ್ನಾ'ವನ್ನೂ ಕೂಡಿಸಬಾರದು. ಅಲ್ಲಿ 'ಲೂ'ವನ್ನು 6 ಹರಕತ್ (ಮಾತ್ರೆ) ಎಳೆಯಬೇಕು. ಹಫ್ಸ್‌ನ 4ರ ರೂಢಿ ಇದ್ದವರು ಬೆರಳು ಮಡಚಿ ಎಣಿಸದಿದ್ದರೆ ನಡುವೆಯೇ ಬಿಟ್ಟುಬಿಡುತ್ತಾರೆ.

'ಅಅನ್ತ'ದಲ್ಲಿ ಎರಡನೇ ಹಂಝವನ್ನು ಮೆದುಗೊಳಿಸಲು ಹೋಗಿ 'ಅಹನ್ತ' ಎನ್ನುವವರೇ ಹೆಚ್ಚು. ಗಂಟಲು ಪೂರ್ತಿ ಮುಚ್ಚಕೂಡದು, ಉಸಿರೂ ಸೋರಕೂಡದು. ಅದು ಕೂಡಿಬರುವವರೆಗೆ ನಾನು ಇನ್ನೊಂದು ಸಮ್ಮತ ರೀತಿಯಲ್ಲಿ, 'ಆ' ಎಂದು 6 ಹರಕತ್ ಎಳೆದು ಓದಿದೆ.

'ಸಲಾತ್'ನ ಲಾಮ್ ('ಲ' ಅಕ್ಷರ) ವರ್ಶ್‌ನಲ್ಲಿ ದಪ್ಪ. ಕನ್ನಡಿಗರ ಕಿವಿಗೆ ಅದು 'ಳ' ಎಂದು ಕೇಳಿಸಿ ನಾಲಿಗೆ ಮಡಚಿಕೊಳ್ಳುತ್ತದೆ, ಅದು ತಪ್ಪು. ತುದಿ 'ಲ'ದ ಜಾಗದಲ್ಲೇ ಇರಲಿ, ಏಳಬೇಕಾದ್ದು ನಾಲಿಗೆಯ ಬುಡ. 'ಅನ್ನಾರಿ'ಯಲ್ಲಿನ ದೀರ್ಘ 'ಆ'ಗೆ ಮಾತ್ರ ನಮ್ಮಲ್ಲೇ ಹತ್ತಿರದ ಸ್ವರವಿದೆ: 'ಬ್ಯಾಂಕ್'ನಲ್ಲಿ ಕೇಳುವ 'ಆ್ಯ'. ಅದನ್ನು 'ಏ' ತನಕ ಜಾರಿಸಿದರೆ ಪೂರ್ಣ ಇಮಾಲ, ಮಧ್ಯ ಅರೇಬಿಯಾದ ನಜ್ದ್ ಬುಡಕಟ್ಟುಗಳ ಉಚ್ಚಾರ. ಹಫ್ಸ್‌ನಲ್ಲಿ ಅದು ಬರುವುದು ಒಂದೇ ಕಡೆ, ಹೂದ್ ಸೂರಾದ (ಅಧ್ಯಾಯ) 'ಮಜ್ರೇಹಾ'.

ಮಗ್ರಿಬ್ (ವಾಯವ್ಯ ಆಫ್ರಿಕಾ) ಶೈಲಿಯ ಮುಸ್‌ಹಫ್ (ಕುರ್‌ಆನ್ ಪ್ರತಿ) ಹಿಡಿದರೆ ಚುಕ್ಕೆಗಳ ಮೇಲೆ ನಿಗಾ ಇರಲಿ: ಅಲ್ಲಿ ಮೇಲೆ ಒಂದೇ ಚುಕ್ಕೆಯಿರುವುದು ಕಾಫ್ ಅಕ್ಷರ, ಫಾ ಅಕ್ಷರದ ಚುಕ್ಕೆ ಕೆಳಗೆ.